ಮಕ್ಕಳ ಕನ್ನಡಕದ ನಂಬರ್ ಯಾಕೆ ಏರುತ್ತಾ ಹೋಗುತ್ತದೆ?

ಬೆಂಗಳೂರಿನ ವಿಜಯನಗರ ಕಡೆಯ ಮದ್ರಸವೊಂದರಲ್ಲಿ ನಾವು ಪಾಠ ಮಾಡುತ್ತೇವೆ. ಎರಡು ವರ್ಷದ ಹಿಂದಿನ ಮಾತು. ನಾಲ್ಕನೇ ತರಗತಿಯ ಹುಡುಗನೊಬ್ಬ ಬೋರ್ಡ್ ನೋಡದೆ ಪಕ್ಕದವನ ಪುಸ್ತಕ ನೋಡಿ ಬರೆಯುತ್ತಿದ್ದ. ಕಳ್ಳಾಟ ಅಂದುಕೊಂಡು ಗದರಿದೆವು. ಒಂದು ವಾರ ಕೊನೆಯ ಸಾಲಿನಲ್ಲಿ ಕೂರಿಸಿದೆವು. ಅವನು ಏನೂ ಹೇಳಲಿಲ್ಲ. ಮುಸ್‌ಹಫ್ ಕೈಗೆ ಕೊಟ್ಟರೆ ಮಾತ್ರ ಒಂದು ತಪ್ಪೂ ಇಲ್ಲದ ಓದು. ಹತ್ತಿರದ ಅಕ್ಷರ ಕಾಣುತ್ತದೆ, ದೂರದ ಅಕ್ಷರ ಕಾಣುತ್ತಿಲ್ಲ ಎಂಬುದು ನಮಗೆ ಹೊಳೆಯಲೇ ಇಲ್ಲ. ಶಾಲೆಯಲ್ಲಿ ನಡೆದ ಕಣ್ಣಿನ ತಪಾಸಣೆಯಲ್ಲಿ ಗೊತ್ತಾಯಿತು, ಎರಡೂ ಕಣ್ಣಿಗೆ ಮೈನಸ್ ಒಂದೂವರೆ.

ವರ್ಷ ಕಳೆದು ಪುನಃ ಪರೀಕ್ಷೆ ಮಾಡಿಸಿದಾಗ ಅದು ಮೈನಸ್ ಎರಡೂವರೆ ಆಗಿತ್ತು. ಹುಡುಗನ ಉಮ್ಮ ಮದ್ರಸದ ಬಾಗಿಲಲ್ಲಿ ನಿಂತು ಕೇಳಿದರು: 'ಉಸ್ತಾದೇ, ಕನ್ನಡಕ ಹಾಕಿದ ಮೇಲೇ ನಂಬರ್ ಜಾಸ್ತಿ ಆಯ್ತು. ತೆಗೆದು ಇಟ್ಟುಬಿಡಲಾ?' ಈ ಪ್ರಶ್ನೆ ನಾವು ಹಲವು ಮನೆಗಳಿಂದ ಕೇಳಿದ್ದೇವೆ. ಉತ್ತರ ಹೇಳಬೇಕಾದರೆ ಕಣ್ಣಿನ ಒಳಗೆ ಏನಾಗುತ್ತಿದೆ ಎಂದು ಮೊದಲು ತಿಳಿಯಬೇಕು.

ಹುಟ್ಟಿದ ಮಗುವಿನ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್ ಇರುತ್ತದೆ. ದೊಡ್ಡವರಲ್ಲಿ ಅದು 23-24 ಮಿಲಿಮೀಟರ್. ಅಂದರೆ ಮಗು ಬೆಳೆದಂತೆ ಕಣ್ಣೂ ಬೆಳೆಯುತ್ತದೆ, ಅದು ಸಹಜ. ಬೆಳವಣಿಗೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದೆ ಕಣ್ಣು ಹಿಂದಕ್ಕೆ ಉದ್ದವಾಗುತ್ತಾ ಹೋದರೆ ಅದೇ ಸಮೀಪದೃಷ್ಟಿ. ದೂರದ ವಸ್ತುವಿನ ಬೆಳಕು ಕಣ್ಣಿನ ಹಿಂಭಾಗದ ರೆಟಿನಾದ ಮೇಲೆ ಬೀಳಬೇಕಾದದ್ದು ಅದಕ್ಕಿಂತ ಮುಂಚೆಯೇ ಕೂಡಿಕೊಳ್ಳುತ್ತದೆ. ಬೋರ್ಡು, ಬಸ್ಸಿನ ನಂಬರ್, ಎದುರಿಂದ ಬರುವವರ ಮುಖ ಎಲ್ಲ ಮಸುಕು. ಗುಡ್ಡೆ ಒಂದು ಮಿಲಿಮೀಟರ್ ಹೆಚ್ಚು ಉದ್ದವಾದರೆ ನಂಬರ್ ಎರಡೂವರೆಯಿಂದ ಮೂರರಷ್ಟು ಏರುತ್ತದೆ.

ನಂಬರಿನ ಅರ್ಥವೂ ಸುಲಭ. ಒಂದು ಮೀಟರನ್ನು ನಂಬರಿನಿಂದ ಭಾಗಿಸಿ. ಮೈನಸ್ ಒಂದು ಇದ್ದರೆ ಕನ್ನಡಕ ಇಲ್ಲದೆ ಒಂದು ಮೀಟರ್ ದೂರದವರೆಗೆ ಮಾತ್ರ ಸ್ಪಷ್ಟ. ಎರಡು ಇದ್ದರೆ ಅರ್ಧ ಮೀಟರ್. ನಾಲ್ಕು ಇದ್ದರೆ 25 ಸೆಂಟಿಮೀಟರ್. ನಮ್ಮ ಹುಡುಗನ ಲೆಕ್ಕದಲ್ಲಿ ಮೊದಲ ವರ್ಷ 66 ಸೆಂಟಿಮೀಟರ್, ಮರುವರ್ಷ 40. ಅವನನ್ನು ಕೊನೆಯ ಸಾಲಿನಲ್ಲಿ ಕೂರಿಸಿದಾಗ ಬೋರ್ಡು ಅವನಿಂದ ಐದು ಮೀಟರ್ ದೂರ ಇತ್ತು.

ಉಮ್ಮನ ಪ್ರಶ್ನೆಗೆ ಉತ್ತರ ಇಲ್ಲಿದೆ. ನಂಬರ್ ಏರಿದ್ದು ಕನ್ನಡಕದಿಂದ ಅಲ್ಲ, ಕಣ್ಣು ಉದ್ದವಾದದ್ದರಿಂದ. ಚಪ್ಪಲಿ ಸಣ್ಣದಾಯಿತು ಅಂತ ಮಗುವಿನ ಕಾಲು ಬೆಳೆದದ್ದಕ್ಕೆ ಚಪ್ಪಲಿಯನ್ನು ದೂರುತ್ತೇವಾ? ಕನ್ನಡಕ ತೆಗೆದಿಟ್ಟರೆ ಬೆಳವಣಿಗೆ ನಿಲ್ಲುವುದಿಲ್ಲ. ಬೇಕೆಂದೇ ಕಡಿಮೆ ನಂಬರ್ ಕೊಟ್ಟರೆ ಏರುವುದು ನಿಧಾನವಾಗಬಹುದು ಎಂದು ಹಿಂದೆ ಕೆಲವರು ನಂಬಿದ್ದರು. 2002ರಲ್ಲಿ ಮಲೇಷ್ಯಾದ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಕಂಡದ್ದು ಉಲ್ಟಾ. ಕಡಿಮೆ ನಂಬರಿನ ಕನ್ನಡಕ ಹಾಕಿದವರಲ್ಲೇ ಏರಿಕೆ ಜಾಸ್ತಿ ಇತ್ತು.

ನಂಬರ್ ಏರಿದರೆ ದಪ್ಪ ಗಾಜು ಹಾಕಿದರಾಯ್ತು, ಮುಂದೆ ಲೇಸರ್ ಮಾಡಿಸಿದರಾಯ್ತು ಅನ್ನುವವರಿದ್ದಾರೆ. ವಿಷಯ ಅಷ್ಟು ಸಣ್ಣದಲ್ಲ. ಅಕ್ಕಿ ರೊಟ್ಟಿಯ ಹಿಟ್ಟಿನ ಒಂದೇ ಉಂಡೆಯನ್ನು ದೊಡ್ಡದಾಗಿ ತಟ್ಟಿದಷ್ಟೂ ರೊಟ್ಟಿ ತೆಳ್ಳಗಾಗುತ್ತದೆ, ಅಲ್ಲಲ್ಲಿ ಹರಿಯುತ್ತದೆ. ಕಣ್ಣು ಉದ್ದವಾದಾಗ ರೆಟಿನಾಕ್ಕೂ ಅದೇ ಗತಿ. ನಂಬರ್ ಆರು ದಾಟಿದರೆ ವೈದ್ಯರು ಅದನ್ನು ಹೆಚ್ಚಿನ ಸಮೀಪದೃಷ್ಟಿ ಎನ್ನುತ್ತಾರೆ. ಅಂಥವರಿಗೆ ಮುಂದೆ ರೆಟಿನಾ ಕಿತ್ತುಬರುವ, ನಡುಭಾಗ ಸವೆಯುವ, ಗ್ಲಾಕೋಮಾ ಬರುವ ಅಪಾಯ ಬೇರೆಯವರಿಗಿಂತ ಹೆಚ್ಚು. ಲೇಸರ್ ಶಸ್ತ್ರಚಿಕಿತ್ಸೆ ಕಣ್ಣಿನ ಮುಂಭಾಗವನ್ನು ತಿದ್ದುತ್ತದೆಯೇ ಹೊರತು ಉದ್ದವಾದ ಗುಡ್ಡೆಯನ್ನು ಮೊದಲಿನಂತೆ ಮಾಡುವುದಿಲ್ಲ. ಕನ್ನಡಕ ಹೋದರೂ ಆ ಅಪಾಯ ಉಳಿಯುತ್ತದೆ. ಎಷ್ಟು ಸಣ್ಣ ವಯಸ್ಸಿಗೆ ನಂಬರ್ ಬರುತ್ತದೋ ಅಷ್ಟು ವೇಗವಾಗಿ ಏರುತ್ತದೆ, ಏರಲು ವರ್ಷಗಳೂ ಹೆಚ್ಚು ಸಿಗುತ್ತವೆ. ಆದ್ದರಿಂದ ಏಳನೇ ವಯಸ್ಸಿಗೆ ಬರುವುದನ್ನು ಹನ್ನೆರಡಕ್ಕೆ ದೂಡಿದರೂ ಅದು ದೊಡ್ಡ ಲಾಭ.

ಹಾಗಾದರೆ ಕಣ್ಣು ಯಾಕೆ ಉದ್ದವಾಗುತ್ತದೆ? ತಂದೆ ತಾಯಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು, ನಿಜ. ಆದರೆ ರಕ್ತ ಒಂದೇ ಕಾರಣ ಅಲ್ಲ. 1993ರಲ್ಲಿ ಇಸ್ರೇಲಿನ ಒಂದು ಅಧ್ಯಯನ ಪ್ರಕಟವಾಯಿತು. ದಿನವಿಡೀ ಧರ್ಮಗ್ರಂಥ ಓದುವ ಸಂಪ್ರದಾಯಸ್ಥ ಯಹೂದಿ ಹುಡುಗರಲ್ಲಿ ನೂರಕ್ಕೆ ಸುಮಾರು 80 ಮಂದಿಗೆ ಸಮೀಪದೃಷ್ಟಿ ಇತ್ತು. ಅದೇ ಸಮುದಾಯದ ಹುಡುಗಿಯರಲ್ಲಿ ನೂರಕ್ಕೆ ಸುಮಾರು 36. ಒಂದೇ ಸಮುದಾಯ, ಒಂದೇ ರೀತಿಯ ಮನೆಗಳು, ಬೇರೆ ದಿನಚರಿ. ಇದನ್ನು ತಿಳಿದ ದಿನ ನಾವು ನಮ್ಮ ಮದ್ರಸದ ವೇಳಾಪಟ್ಟಿ ತೆಗೆದು ನೋಡಿದೆವು.

ಊರಿನಲ್ಲಿ ನಾವು ಮದ್ರಸಕ್ಕೆ ಹೋದದ್ದು ಬೆಳಿಗ್ಗೆ. ಬಿಟ್ಟ ಮೇಲೆ ತೋಟದ ದಾರಿಯಲ್ಲಿ, ಗದ್ದೆ ಬದುವಿನಲ್ಲಿ ನಡೆದು ಶಾಲೆಗೆ. ಸಂಜೆ ಅಸರ್‌ನಿಂದ ಮಗ್ರಿಬ್ ತನಕ ಮೈದಾನದಲ್ಲಿ ಆಟ. ಬಡತನ ಇತ್ತು, ಬಿಸಿಲಿಗೆ ಬರ ಇರಲಿಲ್ಲ. ಬೇಕರಿ, ಹೋಟೆಲ್, ಅಂಗಡಿ ಅಂತ ಮಂಗಳೂರು, ಉಡುಪಿ ಕಡೆಯಿಂದ ಬಂದು ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿಯಲ್ಲಿ ನೆಲೆಸಿದ ನಮ್ಮ ಮನೆಗಳ ಮಕ್ಕಳ ದಿನ ಬೇರೆ. ಏಳೂವರೆಗೆ ಶಾಲೆಯ ವ್ಯಾನು. ನಾಲ್ಕಕ್ಕೆ ವಾಪಸ್. ನಾಲ್ಕೂವರೆಯಿಂದ ಆರೂವರೆ ತನಕ ಮದ್ರಸ, ಟ್ಯೂಬ್‌ಲೈಟಿನ ಕೆಳಗೆ. ಆಮೇಲೆ ಟ್ಯೂಷನ್. ಊಟದ ಹೊತ್ತಿಗೆ ಉಮ್ಮನ ಮೊಬೈಲ್. ಮೊಬೈಲನ್ನು ಬೈಯುವುದು ನಮಗೆಲ್ಲ ಸುಲಭ. ಆದರೆ ಮಗುವಿನ ದಿನದಲ್ಲಿ ಉಳಿದಿದ್ದ ಎರಡು ಗಂಟೆ ಹಗಲನ್ನು ತೆಗೆದುಕೊಂಡದ್ದು ಮೊಬೈಲ್ ಅಲ್ಲ, ನಾವು.

ಬಿಸಿಲಿಗೂ ಕಣ್ಣಿಗೂ ಏನು ಸಂಬಂಧ? ಮನೆಯೊಳಗಿನ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್. ಹೊರಗೆ ಮರದ ನೆರಳಲ್ಲೂ ಕೆಲವು ಸಾವಿರ, ನೇರ ಬಿಸಿಲಲ್ಲಿ ಲಕ್ಷದ ತನಕ. ನಮಗೆ ಒಳಗೂ ಬೆಳಕೇ ಹೊರಗೂ ಬೆಳಕೇ ಅನಿಸುತ್ತದೆ, ಕಣ್ಣಿನ ಲೆಕ್ಕ ಬೇರೆ. ಹೆಚ್ಚು ಬೆಳಕು ಬಿದ್ದಾಗ ರೆಟಿನಾದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ಗುಡ್ಡೆಯ ಅತಿಬೆಳವಣಿಗೆಯನ್ನು ತಡೆಯುತ್ತದೆ ಎನ್ನುವುದು ಸಂಶೋಧಕರ ವಿವರಣೆ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಅರ್ಧ ಶಾಲೆಗಳ ಒಂದನೇ ತರಗತಿ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೊರಾಂಗಣದ ತರಗತಿಯನ್ನು ಹೆಚ್ಚುವರಿಯಾಗಿ ಕೊಟ್ಟರು. ಮೂರು ವರ್ಷದ ನಂತರ ಆ ಮಕ್ಕಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ನೂರಕ್ಕೆ 30, ಉಳಿದ ಶಾಲೆಗಳಲ್ಲಿ ಸುಮಾರು 40. ಇದು 2015ರಲ್ಲಿ ಪ್ರಕಟವಾಯಿತು. ತೈವಾನ್ 2010ರಿಂದಲೇ ಶಾಲಾ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಕಳಿಸುವ ಕಾರ್ಯಕ್ರಮ ನಡೆಸುತ್ತಿದೆ. 2015ರಲ್ಲೇ ಪ್ರಕಟವಾದ ದೆಹಲಿಯ ಅಧ್ಯಯನದಲ್ಲಿ ಶಾಲಾ ಮಕ್ಕಳ ಪೈಕಿ ನೂರಕ್ಕೆ 13 ಮಂದಿಗೆ ಸಮೀಪದೃಷ್ಟಿ ಕಂಡಿತು. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೊರಗೆ ಆಡುವವರಲ್ಲಿ ಅದು ಕಡಿಮೆ ಇತ್ತು.

ಒಂದು ಮಾತು ಸ್ಪಷ್ಟವಾಗಿರಲಿ. ಬಿಸಿಲು ಬಂದ ನಂಬರನ್ನು ಇಳಿಸುವುದಿಲ್ಲ. ಅದರ ದೊಡ್ಡ ಉಪಕಾರ ಇನ್ನೂ ನಂಬರ್ ಬಾರದ ಮಕ್ಕಳಿಗೆ. ಈಗಾಗಲೇ ಬಂದವರಲ್ಲಿ ಏರಿಕೆ ನಿಧಾನ ಮಾಡಲು ವೈದ್ಯರ ಬಳಿ ಬೇರೆ ದಾರಿಗಳಿವೆ. ರಾತ್ರಿ ಹಾಕುವ ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿಗಳು ಒಂದು, ಅದಕ್ಕೆಂದೇ ತಯಾರಾದ ವಿಶೇಷ ಗಾಜುಗಳು ಇನ್ನೊಂದು. ಯಾರಿಗೆ ಯಾವುದು ಎಂದು ಹೇಳಬೇಕಾದವರು ಕಣ್ಣಿನ ವೈದ್ಯರು. ಉಸ್ತಾದರೂ ಅಲ್ಲ, ಅಂಗಡಿಯವರೂ ಅಲ್ಲ.

ಹೆಣ್ಣು ಮಕ್ಕಳ ವಿಷಯ ಹೇಳದೆ ಮುಗಿಸಲಾಗದು. 'ಈಗಲೇ ಕನ್ನಡಕ ಹಾಕಿದರೆ ನಾಳೆ ಸಂಬಂಧ ಬರುವುದು ಕಷ್ಟ' ಎನ್ನುವ ಮಾತು ನಮ್ಮಲ್ಲಿ ಇನ್ನೂ ಇದೆ. ನೆಂಟರು ಬಂದರೆ ಕನ್ನಡಕ ತೆಗೆಸುವ ಮನೆಗಳಿವೆ. ಮೈನಸ್ ನಾಲ್ಕು ಇರುವ ಮಗು ಕನ್ನಡಕ ಇಲ್ಲದೆ ಒಂದು ಗೇಣು ದೂರದ ಆಚೆಗೆ ಸ್ಪಷ್ಟವಾಗಿ ಏನೂ ಕಾಣದು. ಆ ಮಗು ರಸ್ತೆ ದಾಟುತ್ತದೆ, ಶಾಲೆಯಲ್ಲಿ ಕೂರುತ್ತದೆ, ಅರ್ಥವಾಗದಾಗ ದಡ್ಡಿ ಅನಿಸಿಕೊಳ್ಳುತ್ತದೆ. ದೊಡ್ಡವಳಾದ ಮೇಲೆ ಆಟ ಬೇಡ ಅಂತ ಹನ್ನೊಂದನೇ ವಯಸ್ಸಿಗೇ ಮನೆಯೊಳಗೆ ಕೂರಿಸುವುದೂ ಕಣ್ಣಿಗೆ ಒಳ್ಳೆಯದಲ್ಲ. ಟೆರೇಸ್ ಇದೆ, ಪಾರ್ಕ್ ಇದೆ, ಉಮ್ಮಂದಿರು ಜೊತೆಗೆ ಹೋಗಬಹುದು.

ಇನ್ನು ಮಾಡಬೇಕಾದದ್ದು. ಶಾಲೆಗೆ ಸೇರಿಸುವ ಮೊದಲು ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಕಣ್ಣು ಪರೀಕ್ಷೆ ಮಾಡಿಸಿ. ಕಣ್ಣು ಕಿರಿದು ಮಾಡಿ ನೋಡುವುದು, ಟಿವಿಗೆ ಹತ್ತಿರ ಹೋಗುವುದು, ಪಕ್ಕದವರ ಪುಸ್ತಕ ನೋಡಿ ಬರೆಯುವುದು ಕಂಡರೆ ವರ್ಷದ ತನಕ ಕಾಯಬೇಡಿ. ಮಕ್ಕಳ ಮೊದಲ ಪರೀಕ್ಷೆ ಕಣ್ಣಿಗೆ ಹನಿ ಹಾಕಿ ಆಗಬೇಕು. ಇಲ್ಲದಿದ್ದರೆ ಅವರ ಕಣ್ಣಿನ ಸ್ನಾಯು ಬಿಗಿಹಿಡಿದು ಯಂತ್ರದಲ್ಲಿ ಇರುವುದಕ್ಕಿಂತ ಹೆಚ್ಚು ನಂಬರ್ ತೋರಿಸಬಹುದು. ನಮ್ಮ ಭಾಗದವರಿಗೆ ರಾಜಾಜಿನಗರದ ಕಾರ್ಡ್ ರಸ್ತೆಯಲ್ಲಿ ನಾರಾಯಣ ನೇತ್ರಾಲಯ ಇದೆ. ಕೆ.ಆರ್. ಮಾರುಕಟ್ಟೆ ಬಳಿ ಸರ್ಕಾರದ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ. ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವೇ ಬರುತ್ತದೆ, ಆ ದಿನ ಮಗುವಿಗೆ ರಜೆ ಹಾಕಿಸಬೇಡಿ. ಸುರುಮ ಹಾಕಿದರೆ ನಂಬರ್ ಇಳಿಯುವುದಿಲ್ಲ. ಕೆಲವು ಸುರುಮದಲ್ಲಿ ಸೀಸ ಇರುತ್ತದೆ, ಅದು ಮಕ್ಕಳಿಗೆ ವಿಷ. ಕ್ಯಾರೆಟ್ ಒಳ್ಳೆಯದೇ, ಆದರೆ ಉದ್ದವಾದ ಕಣ್ಣನ್ನು ಅದು ಗಿಡ್ಡ ಮಾಡದು. ನಂಬರ್ ಹೆಚ್ಚಿರುವ ಯಾರಿಗಾದರೂ ಕಣ್ಣಲ್ಲಿ ಮಿಂಚು ಹೊಡೆದಂತೆ, ಒಮ್ಮೆಲೇ ಕಪ್ಪು ಚುಕ್ಕೆಗಳು ತೇಲಿದಂತೆ, ಪರದೆ ಬಿದ್ದಂತೆ ಆದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ನಮ್ಮ ಮದ್ರಸದಲ್ಲಿ ನಾವು ಮಾಡಿದ್ದು ಇಷ್ಟೇ. ಮಗ್ರಿಬ್ ನಂತರಕ್ಕೆ ತರಗತಿ ಹಾಕೋಣ ಎಂದೆವು, ಕತ್ತಲಲ್ಲಿ ಹೆಣ್ಣು ಮಕ್ಕಳನ್ನು ಕಳಿಸುವುದು ಹೇಗೆ ಎಂದು ಪೋಷಕರು ಕೇಳಿದರು. ಅದೂ ಸರಿಯೇ. ಕೊನೆಗೆ ಮೊದಲ 40 ನಿಮಿಷವನ್ನು ಟೆರೇಸಿಗೆ ಒಯ್ದೆವು. ಬಾಯಿಪಾಠಕ್ಕೆ ಪುಸ್ತಕ ಬೇಡ. ಸೂರಾ, ದುಆ ಎಲ್ಲವನ್ನೂ ಮಕ್ಕಳು ನಡೆದಾಡುತ್ತಾ ಹೇಳುತ್ತಾರೆ, ಮುಗಿದ ಮೇಲೆ ಓಡುತ್ತಾರೆ. ಪಬ್ಲಿಕ್ ಪರೀಕ್ಷೆಗೆ ಪಾಠ ಹಿಂದೆ ಬೀಳುತ್ತದೆ ಎಂಬ ಆಕ್ಷೇಪ ಕಮಿಟಿಯಲ್ಲಿ ಬಂತು. ಒಂದು ತಿಂಗಳು ಹಿಂದೆ ಬಿತ್ತು ಕೂಡ. ರಜೆಯಲ್ಲಿ ಹೆಚ್ಚುವರಿ ತರಗತಿ ಇಟ್ಟು ಸರಿ ಮಾಡಿದೆವು.

ಆ ಹುಡುಗ ಈಗ ಆರನೇ ತರಗತಿ. ಕನ್ನಡಕ ಹಾಕಿಕೊಂಡೇ ಬರುತ್ತಾನೆ, ರಾತ್ರಿ ಹನಿ ಹಾಕಿಸಿಕೊಳ್ಳುತ್ತಾನೆ. ಈ ವರ್ಷ ಏರಿದ್ದು ಅರ್ಧ. ಕೊನೆಯ ಸಾಲಿನಲ್ಲಿ ಕೂರಿಸಿದ ಆ ವಾರಕ್ಕೆ ನಾವು ಅವನಲ್ಲಿ ಕ್ಷಮೆ ಕೇಳಿದ್ದೇವೆ. 'ಆಗ ಎಲ್ಲರಿಗೂ ಹಾಗೇ ಕಾಣೋದು ಅಂದುಕೊಂಡಿದ್ದೆ ಉಸ್ತಾದೇ' ಎಂದ. ಮಕ್ಕಳು ಕಾಣುವುದಿಲ್ಲ ಎಂದು ಹೇಳದಿರಲು ಇದೇ ಕಾರಣ. ಸ್ಪಷ್ಟ ಅಂದರೆ ಏನೆಂದು ಅವರಿಗೆ ಗೊತ್ತಿರುವುದಿಲ್ಲ. ಅವನ ತಂಗಿ ಈ ವರ್ಷ ಒಂದನೇ ತರಗತಿಗೆ ಸೇರಿದ್ದಾಳೆ. ಅವಳಿಗೆ ಇನ್ನೂ ನಂಬರ್ ಬಂದಿಲ್ಲ. ಟೆರೇಸಿನಲ್ಲಿ ಎಲ್ಲರಿಗಿಂತ ಹೆಚ್ಚು ಓಡುವವಳು ಅವಳೇ. ನಿಮ್ಮ ಮನೆಯ ಅಂಥ ಮಗುವನ್ನು ಇವತ್ತು ಸಂಜೆ ಹೊರಗೆ ಬಿಡಿ.