ಸ್ಟಾಪ್ ಮೋಷನ್ ಚಿತ್ರೀಕರಣ

ಸ್ಟಾಪ್ ಮೋಷನ್ ಎಂಬುದು ಬೊಂಬೆ, ಜೇಡಿಮಣ್ಣಿನ ಆಕೃತಿ ಮುಂತಾದ ನಿರ್ಜೀವ ವಸ್ತುಗಳನ್ನು ತುಸು ತುಸುವೇ ಸರಿಸುತ್ತ, ಪ್ರತಿ ಬಾರಿಯೂ ಒಂದು ಛಾಯಾಚಿತ್ರ ತೆಗೆದು, ಅವುಗಳನ್ನು ಅನುಕ್ರಮವಾಗಿ ತೋರಿಸಿ ಚಲನೆಯ ಭ್ರಮೆಯನ್ನು ಉಂಟುಮಾಡುವ ಅನಿಮೇಷನ್ ವಿಧಾನ. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಫ್ರೇಮುಗಳು ಹಾದುಹೋಗುತ್ತವೆ. ಒಂದೊಂದು ಭಂಗಿಯನ್ನು ಎರಡೆರಡು ಫ್ರೇಮುಗಳಿಗೆ ಬಳಸಿದರೂ ಒಂದು ನಿಮಿಷದ ಚಿತ್ರಕ್ಕೆ 720 ಭಂಗಿಗಳು ಬೇಕಾಗುತ್ತವೆ. ಭಾರತದಲ್ಲಿ ದಾದಾಸಾಹೇಬ್ ಫಾಲ್ಕೆಯವರು ಬೆಂಕಿಕಡ್ಡಿಗಳನ್ನು ಬಳಸಿ ಇಂತಹ ಕಿರುಚಿತ್ರವೊಂದನ್ನು ತಯಾರಿಸಿದ್ದರು.

ಸ್ಟುಡಿಯೋದ ಸಿದ್ಧತೆ

ಬೊಂಬೆಯ ಹೊರತು ಮತ್ತಾವುದೂ ಅಲುಗಬಾರದು ಎಂಬುದೇ ಇಲ್ಲಿನ ಮೂಲ ನಿಯಮ. ಹಗಲಿನ ಬೆಳಕು ಗಳಿಗೆಗೊಮ್ಮೆ ಬದಲಾಗುವುದರಿಂದ ಕಿಟಕಿಗಳನ್ನು ಕಪ್ಪು ಬಟ್ಟೆಯಿಂದ ಮುಚ್ಚಿ, ದೀಪಗಳ ಬೆಳಕಿನಲ್ಲೇ ಚಿತ್ರೀಕರಿಸುತ್ತಾರೆ. ವಿದ್ಯುತ್ತಿನ ಒತ್ತಡ ಏರಿಳಿದರೆ ದೀಪದ ಪ್ರಖರತೆಯೂ ಬದಲಾಗಿ, ತೆರೆಯ ಮೇಲೆ ಚಿತ್ರ ಮಿಣುಕುತ್ತದೆ. ಆದ್ದರಿಂದ ಸ್ಟೆಬಿಲೈಸರ್ ಅಳವಡಿಸುತ್ತಾರೆ. ಕ್ಯಾಮೆರಾ ಮತ್ತು ಮೇಜನ್ನು ಕದಲದಂತೆ ಬಿಗಿಯುತ್ತಾರೆ. ಬೊಂಬೆಯ ಪಾದಗಳನ್ನು ಮೇಜಿನ ರಂಧ್ರಗಳ ಮೂಲಕ ಕೆಳಗಿನಿಂದ ತಿರುಪುಮೊಳೆ ಹಾಕಿಯೋ ಅಯಸ್ಕಾಂತದಿಂದಲೋ ಹಿಡಿದಿಡುವುದು ವಾಡಿಕೆ. ಕಲಾವಿದನ ಉಡುಪು ಸಹ ಗಾಢ ಬಣ್ಣದ್ದಾಗಿದ್ದರೆ ಒಳ್ಳೆಯದು. ಬಿಳಿಯ ಅಂಗಿಯಿಂದ ಪ್ರತಿಫಲಿಸಿದ ಬೆಳಕು ಅವನು ನಿಂತ ಜಾಗ ಬದಲಾದಂತೆ ದೃಶ್ಯದ ಮೇಲೆ ಬೀಳುತ್ತದೆ.

ಚಿತ್ರೀಕರಣ

ಚಿತ್ರೀಕರಣದ ನಡುವೆ ಬೊಂಬೆ ಬಿದ್ದರೆ ಹಿಂದಿನ ಭಂಗಿಯನ್ನು ಯಥಾವತ್ತಾಗಿ ಮರಳಿ ಪಡೆಯುವುದು ಬಹಳ ಕಷ್ಟ. ಅನೇಕ ವೇಳೆ ಇಡೀ ದೃಶ್ಯವನ್ನು ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಫಿಲ್ಮ್ ಬಳಸುತ್ತಿದ್ದ ಕಾಲದಲ್ಲಿ, ಸಂಸ್ಕರಣೆಯಾಗುವವರೆಗೆ ಫಲಿತಾಂಶ ತಿಳಿಯುತ್ತಿರಲಿಲ್ಲ. ಬೊಂಬೆಯ ಮೂಗಿಗೋ ಮೊಣಕೈಗೋ ಒಂದು ಲೋಹದ ಮುಳ್ಳನ್ನು ತಾಗಿಸಿಟ್ಟು, ಬೊಂಬೆಯನ್ನು ಸರಿಸಿದ ಬಳಿಕ ಅಂತರವನ್ನು ಕಣ್ಣಳತೆಯಲ್ಲಿ ನೋಡಿ, ಮುಳ್ಳನ್ನು ತೆಗೆದು ಚಿತ್ರ ತೆಗೆಯುತ್ತಿದ್ದರು. 1963ರ 'ಜೇಸನ್ ಅಂಡ್ ದಿ ಆರ್ಗೊನಾಟ್ಸ್' ಚಿತ್ರದಲ್ಲಿ ಏಳು ಅಸ್ಥಿಪಂಜರಗಳು ಮೂವರು ಯೋಧರೊಡನೆ ಕಾದಾಡುವ ಕೆಲವೇ ನಿಮಿಷಗಳ ದೃಶ್ಯಕ್ಕೆ ರೇ ಹ್ಯಾರಿಹೌಸನ್ ಸುಮಾರು ನಾಲ್ಕೂವರೆ ತಿಂಗಳು ದುಡಿದರು.

ಕೈ ತಗುಲಿದ ಗುರುತು ಎಷ್ಟು ಎಚ್ಚರ ವಹಿಸಿದರೂ ಉಳಿಯುತ್ತದೆ. 1933ರ 'ಕಿಂಗ್ ಕಾಂಗ್' ಚಿತ್ರದ ದೈತ್ಯ ವಾನರನ ಮೈಗೂದಲು ಆಗಾಗ ಅಲುಗುವುದು ಕಲಾವಿದರ ಬೆರಳು ತಾಕಿದ್ದರಿಂದ. ಬ್ರಿಸ್ಟಲ್‌ನ ಆರ್ಡ್‌ಮನ್ ಸ್ಟುಡಿಯೋದ 'ವಾಲೇಸ್ ಅಂಡ್ ಗ್ರೋಮಿಟ್' ಚಿತ್ರಗಳಲ್ಲಿ ಪ್ಲಾಸ್ಟಿಸಿನ್ ಮುಖಗಳ ಮೇಲೆ ಬೆರಳಚ್ಚುಗಳು ಕಾಣುತ್ತವೆ. ಇವನ್ನು ದೋಷವೆಂದು ಎಣಿಸುವುದು ಕಷ್ಟ. ಆ ಚಿತ್ರಗಳ ಚೆಲುವಿನಲ್ಲಿ ಇವುಗಳಿಗೂ ಪಾಲಿದೆ.

ಡಿಜಿಟಲ್ ಕ್ಯಾಮೆರಾ

2005ರ 'ಕಾರ್ಪ್ಸ್ ಬ್ರೈಡ್' ಚಿತ್ರವನ್ನು ಡಿಜಿಟಲ್ ಸ್ಥಿರಚಿತ್ರ ಕ್ಯಾಮೆರಾಗಳಿಂದ ಚಿತ್ರೀಕರಿಸಲಾಯಿತು. ಈಗ ಹಿಂದಿನ ಫ್ರೇಮನ್ನು ಕಂಪ್ಯೂಟರ್ ತೆರೆಯ ಮೇಲೆ ಅರೆಪಾರದರ್ಶಕವಾಗಿ ತೋರಿಸುವ ತಂತ್ರಾಂಶಗಳಿರುವುದರಿಂದ ಬೊಂಬೆ ಎಷ್ಟು ಸರಿದಿದೆ ಎಂಬುದು ಆಗಲೇ ತಿಳಿಯುತ್ತದೆ. ಆದರೆ ಸ್ವಯಂಚಾಲಿತ ಮಸೂರದ ದ್ಯುತಿರಂಧ್ರವು ಪ್ರತಿ ಸಲ ಅತ್ಯಲ್ಪ ವ್ಯತ್ಯಾಸದೊಂದಿಗೆ ಮುಚ್ಚಿಕೊಂಡು ಮತ್ತೆ ಮಿಣುಕು ತರುವುದರಿಂದ, ಕೈಯಿಂದ ಹೊಂದಿಸುವ ಹಳೆಯ ಮಸೂರಗಳನ್ನೇ ಹಲವರು ಬಳಸುತ್ತಾರೆ. ಜಿಗಿಯುವ ಬೊಂಬೆಯನ್ನು ಕಂಬಿಯ ಆಸರೆಯಲ್ಲಿ ನಿಲ್ಲಿಸಿ, ಅನಂತರ ಕಂಪ್ಯೂಟರಿನಲ್ಲಿ ಆ ಕಂಬಿಯನ್ನು ಅಳಿಸಲಾಗುತ್ತದೆ. ಅಳಿಸಿದ ಜಾಗವನ್ನು ತುಂಬಲು ಬೊಂಬೆಯಿಲ್ಲದ ಖಾಲಿ ರಂಗಸಜ್ಜಿಕೆಯ ಚಿತ್ರ ಬೇಕು. ಅದನ್ನು ಅದೇ ಬೆಳಕಿನಲ್ಲಿ, ಕ್ಯಾಮೆರಾ ಕದಲಿಸುವ ಮುನ್ನವೇ ತೆಗೆದಿಟ್ಟುಕೊಳ್ಳಬೇಕು.