ಹತ್ತಿಕಾಳು: ಕೊಟ್ಟಿಗೆಯಿಂದ ಒಲೆಯವರೆಗೆ

ಹುಲಗೂರಿನ ಸುತ್ತಮುತ್ತ ಹತ್ತಿಕಾಳು ಎಂದರೆ ಹೆಂಗಸರಿಗೆ ಮೊದಲು ನೆನಪಾಗುವುದು ಎಮ್ಮೆ. ಕಾಳು ನೆನೆಸಿ ರುಬ್ಬಿ ಇಟ್ಟರೆ ಬೆಣ್ಣೆ ಹೆಚ್ಚು ಬರುತ್ತದೆಂದು ಹಿರಿಯರು ಹೇಳುತ್ತಾರೆ. ಅದೇ ಕಾಳಿನ ಎಣ್ಣೆ ನಮ್ಮ ಒಲೆಗೂ ಬರುತ್ತದೆಂಬುದು ಅನೇಕ ಸಹೋದರಿಯರಿಗೆ ತಿಳಿದಿಲ್ಲ.

1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಹೈಬ್ರಿಡ್ ತಳಿ ಬಂದ ಮೇಲೆ ನಮ್ಮ ಭಾಗದಲ್ಲಿ ಹತ್ತಿಗೆ ಹೊಸ ಕಳೆ ಬಂತು. ಒಂದು ಕ್ವಿಂಟಲ್ ಹತ್ತಿಯನ್ನು ಜಿನ್ನಿಂಗ್ ಮಿಲ್ಲಿಗೆ ಹಾಕಿದರೆ ಸುಮಾರು 35 ಕಿಲೋ ಅರಳೆ. ಉಳಿದದ್ದು ಬಹುತೇಕ ಕಾಳು. ಕಾಳಿಗೆ ಅಂಟಿದ ಕಿರುನೂಲು ತೆಗೆದು, ಸಿಪ್ಪೆ ಬಿಡಿಸಿ, ತಿರುಳನ್ನು ಬಿಸಿಮಾಡಿ ಹಿಂಡುತ್ತಾರೆ. ಕಾಳಿನ ತೂಕದಲ್ಲಿ ಎಣ್ಣೆ ಶೇಕಡಾ 15ರಿಂದ 20 ಮಾತ್ರ. ಹಿಂಡಿ ದನಗಳಿಗೆ.

ಆಗತಾನೆ ಹಿಂಡಿದ ಎಣ್ಣೆ ಕೆಂಪುಗಪ್ಪು. ಅದರಲ್ಲಿ ಗಾಸಿಪಾಲ್ ಎಂಬ ವಿಷಾಂಶವಿದೆ. ಚೀನಾದ ಕೆಲವು ಹಳ್ಳಿಗಳಲ್ಲಿ ಇಂಥ ಕಚ್ಚಾ ಎಣ್ಣೆ ತಿಂದ ಗಂಡಸರ ಸಂತಾನಶಕ್ತಿಯೇ ಕುಂದಿತ್ತು. ಅದಕ್ಕೇ ಕಾರ್ಖಾನೆಗಳಲ್ಲಿ ಕ್ಷಾರ ಬೆರೆಸಿ ಶುದ್ಧಿಮಾಡಿ, ಬಣ್ಣ, ವಾಸನೆ ತೆಗೆಯುತ್ತಾರೆ. ಹೀಗೆ ರಿಫೈನ್ ಆದ ಎಣ್ಣೆ ಕರಿಯಲು ಯೋಗ್ಯ. ಗುಜರಾತಿನ ಅನೇಕ ಮನೆಗಳಲ್ಲಿ ಅಡುಗೆಗೆ ಇದೇ ಎಣ್ಣೆ.

ಆದ್ದರಿಂದ ಸಹೋದರಿಯರೇ, ಅಗ್ಗವೆಂದು ಶುದ್ಧಿಯಾಗದ ಬಿಡಿ ಎಣ್ಣೆ ತರಬೇಡಿ. ಪೊಟ್ಟಣದ ಮೇಲಿನ ಬರಹ ಓದಿ. ಓದು ಬಾರದಿದ್ದರೆ ಮಕ್ಕಳಿಂದ ಓದಿಸಿ. ಬಿತ್ತನೆಗೆಂದು ಔಷಧ ಲೇಪಿಸಿದ ಕಾಳು ಉಳಿದರೆ ಎಮ್ಮೆಗೂ ಹಾಕಬೇಡಿ, ಗಾಣಕ್ಕೂ ಕೊಡಬೇಡಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಮನೆಮಂದಿಯ ಆರೋಗ್ಯ ಅಡುಗೆಮನೆಯ ಅಮಾನತ್ತು. ಅದನ್ನು ಕಾಪಾಡುವುದು ನಮ್ಮೆಲ್ಲರ ಹೊಣೆ.