ಮೊದಲು ಬದಲಿಸತಕ್ಕದ್ದು ಯಾವುದು? ಸ್ಪೀಕರೋ ಆಂಪ್ಲಿಫೈಯರೋ

ಮನೆಯಲ್ಲಿ ಸ್ಟೀರಿಯೋ ಇಟ್ಟುಕೊಂಡು ಸಂಗೀತವನ್ನು ಕೇಳುವವರಿಗೆ ಒಂದಲ್ಲ ಒಂದು ದಿನ ಈ ಸಂದೇಹವು ಹುಟ್ಟದೆ ಇರದು. ಕೂಡಿಟ್ಟ ಹಣವು ಒಂದು ಪದಾರ್ಥಕ್ಕೆ ಮಾತ್ರ ಸಾಲುವುದು; ಅದನ್ನು ಯಾವುದಕ್ಕೆ ವೆಚ್ಚಮಾಡಬೇಕು?

ರಬಕವಿ-ಬನಹಟ್ಟಿಯ ನೇಕಾರರ ಓಣಿಯಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ವಿದ್ಯುತ್ ಮಗ್ಗಗಳ ಸದ್ದು ಗೋಡೆಯನ್ನು ದಾಟಿ ಬರುವುದರಿಂದ ಕೇಳುವವನು ಗುಂಡಿಯನ್ನು ತಿರುಗಿಸುತ್ತಲೇ ಹೋಗುತ್ತಾನೆ. ಗಾಯಕರು ತಾರಸ್ಥಾಯಿಯನ್ನು ಮುಟ್ಟಿದಾಗ ಕಂಠವು ಒಡೆದಂತೆ ಕೇಳುತ್ತದೆ. ಆಂಪ್ಲಿಫೈಯರಿನಲ್ಲಿ ಶಕ್ತಿಯಿಲ್ಲವೆಂದು ತೀರ್ಮಾನಿಸಿ, 20 ವ್ಯಾಟಿನದನ್ನು ಬಿಟ್ಟು 40 ವ್ಯಾಟಿನದನ್ನು ತರಲು ಹೊರಡುತ್ತಾನೆ.

ಆತನ ಊಹೆಯು ಅರ್ಧ ಸರಿಯೇ. ಮಿತಿಮೀರಿ ದುಡಿದ ಆಂಪ್ಲಿಫೈಯರು ಧ್ವನಿಯ ತುದಿಗಳನ್ನು ಕತ್ತರಿಸುವುದುಂಟು. ಹಾಗೆ ಬಹಳ ಹೊತ್ತು ನಡೆದರೆ ಸ್ಪೀಕರಿನ ತಾರಸ್ವರದ ಭಾಗವು ಸುಟ್ಟುಹೋಗುವುದೂ ಉಂಟು. ಆದರೆ ವ್ಯಾಟುಗಳು ಇಮ್ಮಡಿಯಾದರೆ ಧ್ವನಿಯು ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಇಮ್ಮಡಿ ಗಟ್ಟಿಯಾಗಿ ತೋರಬೇಕಾದರೆ ಸುಮಾರು 10 ಡೆಸಿಬಲ್, ಎಂದರೆ ಹತ್ತುಪಟ್ಟು ಶಕ್ತಿ ಬೇಕು. ಸ್ಪೀಕರಿನ ವಿಚಾರವೇ ಬೇರೆ. ಒಂದು ವ್ಯಾಟನ್ನು ಕೊಟ್ಟರೆ ಒಂದು ಮೀಟರು ದೂರದಲ್ಲಿ ಅದು ಎಷ್ಟು ಡೆಸಿಬಲ್ ನುಡಿಯುವುದೆಂದು ವಿವರಪತ್ರದಲ್ಲಿ ಅಚ್ಚಾಗಿರುತ್ತದೆ. 85ರ ಬದಲು 91 ಇರುವುದನ್ನು ತಂದರೆ, ಎರಡರ ಓಮ್ ಸಂಖ್ಯೆ ಒಂದೇ ಆಗಿದ್ದಲ್ಲಿ, ಅದೇ 20 ವ್ಯಾಟು 80ರ ಕೆಲಸವನ್ನು ಮಾಡುತ್ತದೆ.

ಇಂಪಿನ ದೃಷ್ಟಿಯಿಂದಲೂ ಸ್ಪೀಕರಿನದೇ ಮೇಲುಗೈ. ಈಗಿನ ಸಾಧಾರಣ ಆಂಪ್ಲಿಫೈಯರು ತನ್ನ ಮಿತಿಯೊಳಗೆ ಸೇರಿಸುವ ವಿಕಾರವು ನೂರಕ್ಕೆ ಒಂದಂಶಕ್ಕಿಂತ ಬಹಳ ಕಡಮೆ. ಸ್ಪೀಕರಾದರೋ 1925ರಲ್ಲಿ ರೈಸ್ ಮತ್ತು ಕೆಲಾಗ್ ಎಂಬವರು ವಿವರಿಸಿದ ಏರ್ಪಾಡಿನ ಸಂತಾನವೇ: ಅಯಸ್ಕಾಂತ, ತಂತಿಯ ಸುರುಳಿ, ಅಲುಗುವ ಶಂಕು. ಡಗ್ಗಾದ ಮಂದ್ರನಾದಕ್ಕೆ ಶಂಕುವು ಬಹಳ ಆಡಬೇಕಾಗುತ್ತದೆ. ಅಲ್ಲಿ ವಿಕಾರವು ನೂರಕ್ಕೆ ಹಲವು ಅಂಶಗಳಿಗೆ ಏರಬಹುದು.

ಹಣವನ್ನು ಬಿಚ್ಚುವ ಮೊದಲು ಒಂದು ಪರೀಕ್ಷೆ. ಬೀಳಗಿಯಲ್ಲಿ ಜನಿಸಿದ ಅಮೀರಬಾಯಿ ಕರ್ನಾಟಕಿಯವರು 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡಿದ ಹಾಡೊಂದನ್ನು ನುಡಿಸಿರಿ. ಆ ಮುದ್ರಣದಿಂದ ಎರಡು ಸ್ಪೀಕರುಗಳಿಗೂ ಒಂದೇ ಧ್ವನಿಯು ಹೋಗತಕ್ಕದ್ದು. ಆದಕಾರಣ ಆಕೆಯ ಕಂಠವು ಎರಡರ ನಟ್ಟನಡುವೆ ನಿಂತಂತೆ ಕೇಳಬೇಕು. ಎಲ್ಲಿಯೂ ನೆಲೆಗೊಳ್ಳದೆ ತೇಲಿದರೆ ಒಂದು ಸ್ಪೀಕರಿನ ತಂತಿಗಳು ಅದಲುಬದಲಾಗಿರಬಹುದು. ಮಂದ್ರವು ಗುಂಯ್‌ಗುಟ್ಟಿದರೆ ಮೂಲೆಯಿಂದ ಈಚೆಗೆ ಸರಿಸಿರಿ. ಜಮಖಂಡಿ, ಮುಧೋಳಗಳ ಹಳೆಯ ಕಲ್ಲುಮನೆಯ ಪಡಸಾಲೆಯಲ್ಲಿ ಸದ್ದು ಮಾರ್ದನಿಗೊಡುವುದಾದರೆ ನೆಲಕ್ಕೆ ದಪ್ಪ ಜಮಖಾನೆಯನ್ನು ಹಾಸಿ ನೋಡಿರಿ. ಮಗ್ಗಗಳು ನಿಂತ ಹೊತ್ತಿನಲ್ಲಿ ಕೇಳುವುದಂತೂ ಕಿವಿಗೂ ಯಂತ್ರಕ್ಕೂ ಹಿತ.

ಆಂಪ್ಲಿಫೈಯರನ್ನೇ ಬದಲಿಸಬೇಕಾದ ಸಂದರ್ಭಗಳೂ ಇಲ್ಲದಿಲ್ಲ. ಹಾಡು ನಿಂತಾಗಲೂ ಗುಂಯಿಗುಡುವುದು, ಒಂದು ಪಕ್ಕವು ಆಗಾಗ ಮೂಕವಾಗುವುದು, 4 ಓಮಿನ ಸ್ಪೀಕರನ್ನು ಜೋಡಿಸಿದೊಡನೆ ಕಾದು ನಿಲ್ಲುವುದು, ಇವು ಆ ಲಕ್ಷಣಗಳು. ಸಂದೇಹವು ಉಳಿದರೆ ಸ್ನೇಹಿತರ ಸ್ಪೀಕರುಗಳನ್ನು ಎರಡು ದಿನ ಕೇಳಿ ತಂದು, ಅಂಗಡಿಯಲ್ಲಲ್ಲ, ನಿಮ್ಮ ಪಡಸಾಲೆಯಲ್ಲಿಯೇ ಜೋಡಿಸಿರಿ.